‘ಕಾಲು ಜಾರಿ ಬಿದ್ದರು’ ಅಂತ ಬರೆದಿದ್ದೆ

ಆವತ್ತು ನನಗೆ ನೈಟ್ ಡ್ಯೂಟಿ. ಜುಲೈ ತಿಂಗಳು. ಶಿವಮೊಗ್ಗದಲ್ಲಿ ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ವಾರ್ಡಿನ ಬಾಗಿಲ ಹತ್ತಿರ ಸಾಲಾಗಿ ಇಟ್ಟಿದ್ದ ಕೊಡೆಗಳಿಂದ ನೀರು ಇಳಿದು ನೆಲವೆಲ್ಲ ಒದ್ದೆ. ಬೆಳಗಿನ ಜಾವ ನಾಲ್ಕೂ ಮುಕ್ಕಾಲಿಗೆ ಬಾತ್‌ರೂಮಿನಲ್ಲಿ ಮಗ್ ಉರುಳಿದ ಸದ್ದಾಯಿತು. ಓಡಿ ಹೋದೆ. ಹೊಸನಗರ ಕಡೆಯ ಅಜ್ಜಿ, ಎಪ್ಪತ್ತು ದಾಟಿದವರು, ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು.

ಪುಣ್ಯಕ್ಕೆ ಮೂಳೆಗೆ ಏನೂ ಆಗಿರಲಿಲ್ಲ. ಮೊಣಕೈ ತರಚಿತ್ತು, ಅಷ್ಟೆ. ಡ್ಯೂಟಿ ಡಾಕ್ಟರ್ ಬಂದು ನೋಡಿದರು, ಅಜ್ಜಿಯನ್ನು ಕಾಟಿಗೆ ಕರೆತಂದು ಮಲಗಿಸಿದೆವು. ಬೆಳಿಗ್ಗೆ ಮುಂದಿನ ಪಾಳಿಯವರಿಗೆ ಹ್ಯಾಂಡ್‌ಓವರ್ ಕೊಡುವ ಗಡಿಬಿಡಿಯಲ್ಲಿ ಇನ್‌ಸಿಡೆಂಟ್ ರಿಪೋರ್ಟ್, ಅಂದರೆ ವಾರ್ಡಿನಲ್ಲಿ ಆದ ಅವಘಡವನ್ನು ಬರೆದು ಕೊಡುವ ಫಾರಂ, ತುಂಬಿದೆ. ಒಂದೇ ಸಾಲು: ‘ನೆಲ ಒದ್ದೆಯಿತ್ತು, ಅಟೆಂಡರ್ ನಿರ್ಲಕ್ಷ್ಯದಿಂದ ರೋಗಿ ಕಾಲು ಜಾರಿ ಬಿದ್ದರು.’ ಸಹಿ ಹಾಕಿ ಕೊಟ್ಟೆ.

ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ನನ್ನನ್ನು ಕರೆಸಿದರು. ಬೈಯಲಿಲ್ಲ.

“ಅವರು ಜಾರಿದ್ದನ್ನ ನೀನು ನೋಡಿದ್ಯಾ?”

“ಇಲ್ಲ ಮೇಡಂ.”

“ಅಜ್ಜಿ ಹಾಗಂತ ಹೇಳಿದ್ರಾ?”

“ನಾನು ಕೇಳ್ಲಿಲ್ಲ ಮೇಡಂ.”

“ಹಾಗಾದ್ರೆ ಹೋಗಿ ಕೇಳ್ಕೊಂಡು ಬಾ.”

ಅಜ್ಜಿ ಕಾಫಿ ಕುಡಿಯುತ್ತಾ ಕೂತಿದ್ದರು. ನಾನು ಕೇಳಿದ ಕೂಡಲೇ ಅಂದರು: “ಜಾರಿದ್ದಲ್ಲ ಮಗಾ. ಎದ್ದು ನಿಂತೆ ನೋಡು, ಕಣ್ಣಿಗೆ ಕತ್ಲೆ ಬಂದಂಗಾಯ್ತು. ಆಮೇಲೆ ಏನಾಯ್ತೋ ಗೊತ್ತಿಲ್ಲ. ರಾತ್ರಿ ಅದು ನಾಲ್ಕನೇ ಸಲ ಎದ್ದಿದ್ದು. ಸೊಸೆ ಎರಡು ರಾತ್ರಿಯಿಂದ ಕಣ್ಣು ಮುಚ್ಚಿರ್ಲಿಲ್ಲ, ಎಬ್ಬಿಸೋದು ಬ್ಯಾಡ ಅಂತ ನಾನೇ ಹೋದೆ.”

ನನಗೆ ಕೂತಲ್ಲೇ ಬೆವರಿತು. ಜಾರುವುದೇ ಬೇರೆ, ಕಣ್ಣಿಗೆ ಕತ್ತಲೆ ಬರುವುದೇ ಬೇರೆ. ಮಲಗಿಸಿ ಬಿ.ಪಿ. ನೋಡಿದೆ, 134/80. ಎಬ್ಬಿಸಿ ನಿಲ್ಲಿಸಿ, ಮೂರು ನಿಮಿಷದೊಳಗೆ ಮತ್ತೆ ನೋಡಿದೆ, 104/64. ನಿಂತಾಗ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಸಾಕು, ಡಾಕ್ಟರಿಗೆ ಹೇಳಲೇಬೇಕು. ಇಲ್ಲಿ 30 ಇಳಿದಿತ್ತು. ಚಾರ್ಟ್ ತೆಗೆದು ನೋಡಿದರೆ ಮೂತ್ರ ಹೆಚ್ಚಿಸಿ ಮೈಯ ನೀರು ಇಳಿಸುವ ಮಾತ್ರೆಯ ಎರಡನೇ ಡೋಸ್ ರಾತ್ರಿ ಎಂಟಕ್ಕೆ ಕೊಟ್ಟಿದೆ. ಅದಕ್ಕೇ ಅಜ್ಜಿ ರಾತ್ರಿಯಿಡೀ ಎದ್ದು ಎದ್ದು ಹೋಗಿದ್ದರು. ಡಾಕ್ಟರ್ ಅದೇ ದಿನ ಆ ಡೋಸನ್ನು ಮಧ್ಯಾಹ್ನ ಎರಡಕ್ಕೆ ಬದಲಾಯಿಸಿದರು. ವಾರ್ಡಿನಲ್ಲಿ ಅದೇ ಮಾತ್ರೆ ರಾತ್ರಿ ತೆಗೆದುಕೊಳ್ಳುತ್ತಿದ್ದವರು ಇನ್ನಿಬ್ಬರಿದ್ದರು. ಅವರದ್ದೂ ಬದಲಾಯಿತು.

ನಾನು ಬರೆದ ಸಾಲನ್ನೇ ಎಲ್ಲರೂ ನಂಬಿದ್ದರೆ ಏನಾಗುತ್ತಿತ್ತು? ನೆಲ ಒರೆಸಿಲ್ಲ ಅಂತ ಆಯಾಗೆ ಬೈಗುಳ, ಮಲಗಿಬಿಟ್ಟಳು ಅಂತ ಸೊಸೆಗೆ ಬೈಗುಳ. ಮಾತ್ರೆ ಮಾತ್ರ ರಾತ್ರಿ ಎಂಟಕ್ಕೇ ಹೋಗುತ್ತಿತ್ತು.

ಆ ಫಾರಂ ಹರಿಯಲಿಲ್ಲ, ವೈಟ್ನರ್ ಹಚ್ಚಲಿಲ್ಲ. ಹಳೆಯ ಸಾಲು ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ, ತಾರೀಖು, ಗಂಟೆ ಹಾಕಿದೆ. ಕೆಳಗೆ ಹೊಸದಾಗಿ ಬರೆದೆ. ‘ಬಿದ್ದರು’ ಅನ್ನುವ ಮಾತನ್ನೂ ಬಿಟ್ಟೆ, ಬಿದ್ದದ್ದನ್ನು ನಾನು ಕಂಡಿಲ್ಲವಲ್ಲ. ‘4.45ಕ್ಕೆ ಬಾತ್‌ರೂಮಿನ ನೆಲದ ಮೇಲೆ, ಗೋಡೆಗೆ ಒರಗಿ ಕೂತಿದ್ದು ಕಂಡೆ. ಮಾತಾಡುತ್ತಿದ್ದರು. ಎಡ ಮೊಣಕೈ ತರಚಿತ್ತು. ನೆಲ ಒದ್ದೆಯಿತ್ತು. ದೀಪ ಉರಿಯುತ್ತಿತ್ತು.’ ಆಮೇಲೆ ಅಜ್ಜಿ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದೆ.

ಈ ಕೊನೆಯದು ನಮ್ಮ ಕಡೆ ತುಂಬಾ ಮುಖ್ಯ. ಫಾರಂ ಇಂಗ್ಲಿಷಿನಲ್ಲಿರುತ್ತದೆ. ರೋಗಿ ಕನ್ನಡದಲ್ಲಿ ಹೇಳಿದ್ದನ್ನು ನಾವು ಅವಸರದಲ್ಲಿ ಇಂಗ್ಲಿಷ್ ಮಾಡುವಾಗ ಅರ್ಥವೇ ಸೋರಿಹೋಗುತ್ತದೆ. ತೀರ್ಥಹಳ್ಳಿ ಕಡೆಯವರೊಬ್ಬರು ‘ಸಂಕಟ ಆಗ್ತಿದೆ’ ಅಂದರೆ ಅದು ಹೊಟ್ಟೆ ತೊಳಸುವುದೋ, ಎದೆ ಹಿಂಡುವುದೋ, ಬರೀ ಮನಸ್ಸಿನ ಕಳವಳವೋ? ಮೂರಕ್ಕೂ ಅದೇ ಮಾತು. ನಾನು ಮೇಡಂ ಹತ್ತಿರ ಕೇಳಿ ಒಪ್ಪಿಗೆ ತೆಗೆದುಕೊಂಡೆ. ರೋಗಿಯ ಮಾತನ್ನು ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ, ಮಿಕ್ಕಿದ್ದು ಇಂಗ್ಲಿಷ್. ಇವತ್ತಿಗೂ ಹಾಗೇ ಮಾಡುತ್ತೇನೆ.

ಇಂಥದ್ದು ಏನಾದರೂ ಆದಾಗ ಮೊದಲು ರೋಗಿ, ಆಮೇಲೆ ಡಾಕ್ಟರಿಗೆ ಫೋನ್, ಆಮೇಲೆ ಕೇಸ್ ಶೀಟ್, ರಿಪೋರ್ಟ್ ಕೊನೆಗೆ. ಆದರೆ ಡ್ಯೂಟಿ ಮುಗಿಸಿ ಮನೆಗೆ ಹೋಗುವ ಮುಂಚೆ ಬರೆದುಬಿಡಬೇಕು. ನಿದ್ದೆ ಮಾಡಿ ಎದ್ದರೆ ನಮ್ಮ ತಲೆ ಬಿಟ್ಟುಹೋದ ಜಾಗಕ್ಕೆ ತಾನೇ ಏನೋ ತುಂಬಿಕೊಂಡಿರುತ್ತದೆ. ರೋಗಿಗೆ ಏನಾಯಿತು, ಏನು ಮಾಡಿದೆವು ಅನ್ನುವುದು ಕೇಸ್ ಶೀಟಿನಲ್ಲೂ ಇರಬೇಕು. ರಿಪೋರ್ಟ್ ಕೊಟ್ಟಿದ್ದೇವೆ ಅನ್ನುವುದನ್ನು ಮಾತ್ರ ಅಲ್ಲಿ ಬರೆಯುವುದಿಲ್ಲ. ಹೊತ್ತನ್ನು ಒಂದೇ ಗಡಿಯಾರದಿಂದ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗ ಒಂದೊಂದು ಮೆಷಿನ್ ಒಂದೊಂದು ಟೈಮ್ ತೋರಿಸುತ್ತದೆ. ಒಮ್ಮೆ ನನ್ನ ರಿಪೋರ್ಟಿನಲ್ಲಿ, ಡಾಕ್ಟರ್ ನಾನು ಫೋನ್ ಮಾಡುವುದಕ್ಕಿಂತ ಆರು ನಿಮಿಷ ಮೊದಲೇ ಬಂದಂತೆ ಆಗಿತ್ತು.

ಇಷ್ಟೆಲ್ಲ ಗೊತ್ತಿದ್ದರೂ ನರ್ಸುಗಳು ಯಾಕೆ ಬರೆಯುವುದಿಲ್ಲ? ಹೆದರಿಕೆ. ನಾನು ಮೊದಲು ಕೆಲಸ ಮಾಡಿದ ಕಡೆ, ಜೊತೆಯವಳೊಬ್ಬಳು ತನ್ನಿಂದಾದ ತಪ್ಪನ್ನು ತಾನೇ ಬರೆದು ಕೊಟ್ಟಳು. ಮಾರನೇ ದಿನ ಕೈಗೆ ಮೆಮೊ ಬಂತು. ಅದಾದ ಮೇಲೆ ಒಂದು ವರ್ಷ ಆ ವಾರ್ಡಿನಿಂದ ಒಂದೇ ಒಂದು ರಿಪೋರ್ಟ್ ಹೋಗಲಿಲ್ಲ. ತಪ್ಪುಗಳು ನಿಂತವು ಅಂತಲ್ಲ, ಬಾಯಿ ಮುಚ್ಚಿದವು. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಅದಕ್ಕೇ ನಾನು ರಿಪೋರ್ಟಿನಲ್ಲಿ ಯಾರ ಮೇಲೂ ತೀರ್ಪು ಬರೆಯುವುದಿಲ್ಲ. ‘ನಿರ್ಲಕ್ಷ್ಯ’, ‘ಅಜಾಗರೂಕತೆ’ ಅನ್ನುವ ಮಾತು ಬಂದ ಕೂಡಲೇ ಓದುವವರು ಮುಂದೆ ಪ್ರಶ್ನೆ ಕೇಳುವುದನ್ನೇ ಬಿಟ್ಟುಬಿಡುತ್ತಾರೆ.

ಏನೂ ಆಗದೆ ತಪ್ಪಿದ್ದನ್ನೂ ಬರೆಯಬೇಕು, ಅದು ಇನ್ನೂ ಕಷ್ಟ. ನನ್ನದೇ ಕಥೆ ಹೇಳುತ್ತೇನೆ. ಒಬ್ಬರು ಮನೆಯಿಂದ ಗ್ಲಾರ್ಜಿನ್ ಇನ್ಸುಲಿನ್ ಬಾಟಲಿ ತಂದಿದ್ದರು. ರಾತ್ರಿ ಹತ್ತಕ್ಕೆ 16 ಯೂನಿಟ್. ನಮ್ಮ ವಾರ್ಡಿನಲ್ಲಿ ದಿನಾ ಬಳಸುವ ಇನ್ಸುಲಿನ್ ಒಂದು ಮಿಲಿಗೆ 40 ಯೂನಿಟ್‌ನದ್ದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಗ್ಲಾರ್ಜಿನ್ ಒಂದು ಮಿಲಿಗೆ 100 ಯೂನಿಟ್, ಅದಕ್ಕೆ ಕಿತ್ತಳೆ ಮುಚ್ಚಳದ್ದು ಬೇಕು. ಟ್ರೇಯಲ್ಲಿ ಇದ್ದದ್ದೆಲ್ಲ ಕೆಂಪು. ಕೈ ಅಭ್ಯಾಸದಂತೆ ಕೆಂಪು ಸಿರಿಂಜ್ ತೆಗೆದು 16ರ ಗೆರೆವರೆಗೆ ಎಳೆದೆ. ಜೊತೆಗಿದ್ದ ಸಿಸ್ಟರ್ ಬಾಟಲಿ ನೋಡಿದಳು, ಸಿರಿಂಜ್ ನೋಡಿದಳು. “ತಡಿ ಮಾರಾಯ್ತಿ, ಇದು ನೂರರದ್ದಲ್ವಾ?” ಅಂದಳು. ಆ ಸಿರಿಂಜಿನ 16ರ ಗೆರೆ ಅಂದರೆ 0.4 ಮಿಲಿ. ನೂರರ ಬಾಟಲಿಯಿಂದ ಅಷ್ಟು ಎಳೆದರೆ 40 ಯೂನಿಟ್. ಎರಡೂವರೆ ಪಟ್ಟು. ಕೊಟ್ಟಿದ್ದರೆ ಬೆಳಗಿನ ಜಾವ ಆ ಮನುಷ್ಯ ಮಲಗಿದ್ದಲ್ಲೇ ಸಕ್ಕರೆ ಇಳಿದು ಮಾತು ನಿಂತಿರಬಹುದಿತ್ತು, ನಾವು ನಿದ್ದೆ ಅಂದುಕೊಂಡಿರುತ್ತಿದ್ದೆವು.

ಕೂದಲೆಳೆಯಲ್ಲಿ ತಪ್ಪಿತು. ಸುಮ್ನೆ ಇದ್ದುಬಿಡಬಹುದಿತ್ತು, ಗೊತ್ತಿದ್ದವರು ನಾವಿಬ್ಬರೇ. ಬರೆದೆ. ‘ನಾನು ಎಳೆದೆ’ ಅಂತಲೇ ಬರೆದೆ. ಜೊತೆಗೆ ಟ್ರೇಯಲ್ಲಿ ಕಿತ್ತಳೆ ಸಿರಿಂಜ್ ಒಂದೂ ಇರಲಿಲ್ಲ ಅನ್ನುವುದನ್ನೂ ಬರೆದೆ. ನೆಪ ಹೇಳುವುದಕ್ಕಲ್ಲ, ನಾಳೆ ಇನ್ನೊಬ್ಬಳ ಕೈಯೂ ಅಲ್ಲಿಗೇ ಹೋಗುತ್ತದೆ ಅಂತ. ವಾರದೊಳಗೆ ಎರಡು ಡಬ್ಬಿ ಬೇರೆ ಬೇರೆ ಆದವು, ಮನೆಯಿಂದ ತಂದ ಬಾಟಲಿಗಳಿಗೆ ಬೇರೆ ಜಾಗ ಆಯಿತು.

ರೋಗಿಗೆ ಬಳಸಿದ ಸೂಜಿ ಕೈಗೆ ಚುಚ್ಚಿಕೊಂಡದ್ದನ್ನು ಮಾತ್ರ ದಯವಿಟ್ಟು ಯಾರೂ ಮುಚ್ಚಿಡಬೇಡಿ. ಸ್ಟೂಡೆಂಟ್ ಹುಡುಗಿಯರು ಬೈಗುಳಕ್ಕೆ ಹೆದರಿ ಸಂಜೆವರೆಗೂ ಬಾಯಿ ಬಿಡುವುದಿಲ್ಲ. ಚುಚ್ಚಿದ ಜಾಗವನ್ನು ಹಿಂಡಬಾರದು, ಸೋಪು ನೀರಲ್ಲಿ ತೊಳೆದು ತಕ್ಷಣ ಹೇಳಬೇಕು. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಇಲ್ಲಿ ಫಾರಂ ಆಮೇಲೆ, ಬಾಯಿಮಾತು ಮೊದಲು.

ಹೋದ ತಿಂಗಳು ಹೊಸದಾಗಿ ಸೇರಿದ ಹುಡುಗಿಯೊಬ್ಬಳು ರಿಪೋರ್ಟ್ ಬರೆದು ನನಗೆ ತೋರಿಸಿದಳು. ‘ಕಾಟಿನ ಬಲಕ್ಕೆ ನೆಲದ ಮೇಲೆ ಮಗ್ಗುಲಾಗಿ ಮಲಗಿದ್ದರು. ಚಪ್ಪಲಿ ಒಂದೇ ಕಾಲಲ್ಲಿತ್ತು. “ಬೆಲ್ ಒತ್ತಿದೆ, ಯಾರೂ ಬರ್ಲಿಲ್ಲ” ಅಂದರು.’ ಬೆಲ್ ಕೇಳಿಸಿತ್ತಾ ಅಂತ ಕೇಳಿದೆ. ಇಲ್ಲ ಸಿಸ್ಟರ್, ನಾನು ಅಲ್ಲೇ ಕೌಂಟರಿನಲ್ಲೇ ಇದ್ದೆ ಅಂದಳು. ಇಬ್ಬರೂ ಹೋಗಿ ಆ ಕಾಟಿನ ಬೆಲ್ ಒತ್ತಿ ನೋಡಿದೆವು. ದೀಪ ಹತ್ತಿತು, ಸದ್ದು ಬರಲಿಲ್ಲ. ಮಧ್ಯಾಹ್ನ ಎಲೆಕ್ಟ್ರಿಷಿಯನ್ ಬಂದು ವಾರ್ಡಿನ ಅಷ್ಟೂ ಬೆಲ್ಲನ್ನು ಒಂದೊಂದಾಗಿ ಒತ್ತಿ ನೋಡಿದ. ಇನ್ನೂ ಮೂರು ಹಾಗೇ ಇದ್ದವು.