ಮಳೆಗಾಲದಲ್ಲೂ ಅಳೆಯಬಹುದು ಗಾಮಾ ಸ್ಫೋಟ

ಆಷಾಢದ ಮೋಡ ಕವಿದರೆ ಕಾರವಾರ, ಶಿರಸಿಯ ಆಕಾಶವೀಕ್ಷಕರು ದೂರದರ್ಶಕವನ್ನು ಕಟ್ಟಿಡುತ್ತಾರೆ. ದೂರದ ಬಾಹ್ಯಾಕಾಶದಿಂದ ಸ್ವಲ್ಪ ಹೊತ್ತು ಹೊಮ್ಮುವ ಗಾಮಾ ಕಿರಣಗಳ ಪ್ರಬಲ ಹೊಳಪು, ಅಂದರೆ ಗಾಮಾ ಕಿರಣ ಸ್ಫೋಟಗಳ ಅಧ್ಯಯನಕ್ಕೆ ಮಾತ್ರ ಮಳೆ ಅಡ್ಡಿಯಲ್ಲ. ಈ ಕಿರಣಗಳನ್ನು ವಾತಾವರಣ ಹೇಗೂ ನೆಲಕ್ಕೆ ಬಿಡುವುದಿಲ್ಲ, ಹಿಡಿಯುವುದು ಉಪಗ್ರಹಗಳೇ. 2008ರಲ್ಲಿ ಉಡಾವಣೆಯಾದ ನಾಸಾದ ಫರ್ಮಿ ದೂರದರ್ಶಕದ ದತ್ತಾಂಶ ಎಲ್ಲರಿಗೂ ಉಚಿತ. ಪಿಯುಸಿ ಗಣಿತ ಮತ್ತು ಸ್ವಲ್ಪ ಪೈಥಾನ್ ಪ್ರೋಗ್ರಾಮಿಂಗ್ ಬಲ್ಲವರು ಮನೆಯಲ್ಲೇ ಕುಳಿತು ಸ್ಫೋಟದ ಅವಧಿಯನ್ನು ಅಳೆಯಬಹುದು.

ಮೊದಲು ಸ್ಫೋಟವೊಂದನ್ನು ಆರಿಸಿಕೊಳ್ಳಿ. ಕಲಿಕೆಗೆ ನನ್ನ ಆಯ್ಕೆ ಜಿಆರ್‌ಬಿ 190114ಸಿ (ಜಿಆರ್‌ಬಿ ಎಂದರೆ ಗಾಮಾ ಕಿರಣ ಸ್ಫೋಟ). ಹೆಸರಿನಲ್ಲೇ ದಿನಾಂಕವಿದೆ: 2019ರ ಜನವರಿ 14. ಆದರೆ ಇದು ಅಂತರರಾಷ್ಟ್ರೀಯ ಸಮಯ. ಫರ್ಮಿ ಅದನ್ನು ಗುರುತಿಸಿದಾಗ ನಮ್ಮಲ್ಲಿ 15ರ ನಸುಕಿನ 2 ಗಂಟೆ 27 ನಿಮಿಷ. ಪಟ್ಟಿಯಲ್ಲಿ ಭಾರತೀಯ ದಿನಾಂಕ ಹಿಡಿದು ಹುಡುಕಬೇಡಿ.

ನಾಸಾದ ಹೀಸಾರ್ಕ್ ಸಂಗ್ರಹದಿಂದ ಆ ಸ್ಫೋಟದ ‘ಟಿಟಿಇ’ ಫೈಲ್‌ಗಳನ್ನು ಇಳಿಸಿಕೊಳ್ಳಿ. ಪ್ರತಿ ಫೋಟಾನ್ (ಬೆಳಕಿನ ಕಣ) ಯಾವ ಕ್ಷಣದಲ್ಲಿ, ಎಷ್ಟು ಶಕ್ತಿಯೊಂದಿಗೆ ಬಡಿಯಿತು ಎಂಬುದು ಅದರಲ್ಲಿರುತ್ತದೆ. ಘಟ್ಟದ ಮೇಲಿನವರು ಕರೆಂಟು, ನೆಟ್‌ವರ್ಕ್ ಎರಡೂ ಇರುವ ಹೊತ್ತಿನಲ್ಲೇ ಈ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು.

ಫರ್ಮಿಯ ಸ್ಫೋಟ ನಿಗಾ ಉಪಕರಣದಲ್ಲಿ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿದ 12 ಸೋಡಿಯಂ ಅಯೊಡೈಡ್ ಸಂವೇದಕಗಳಿವೆ. ಹನ್ನೆರಡಕ್ಕೂ ಗ್ರಾಫ್ ಬರೆಯಿರಿ: ಅಡ್ಡಕ್ಕೆ ಸಮಯ, ಉದ್ದಕ್ಕೆ ಸೆಕೆಂಡಿಗೆ ಬಂದ ಫೋಟಾನ್‌ಗಳ ಎಣಿಕೆ. 50ರಿಂದ 300 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯವು ಸಾಕು. ಒಂದೇ ಸಂವೇದಕದಲ್ಲಿ ಎಣಿಕೆ ಏರಿದರೆ ನಂಬಬೇಡಿ. ಫರ್ಮಿ ಕೂಡ ಕನಿಷ್ಠ ಎರಡರ ಸಾಕ್ಷಿ ಕೇಳುತ್ತದೆ. ಹೆಚ್ಚು ಎದ್ದು ಕಾಣುವ ಎರಡು ಮೂರನ್ನು ಉಳಿಸಿಕೊಂಡು ಕೂಡಿಸಿ.

ನಿಜವಾದ ಕಷ್ಟ ಹಿನ್ನೆಲೆಯನ್ನು ಕಳೆಯುವುದರಲ್ಲಿದೆ. ಸ್ಫೋಟವಿಲ್ಲದಾಗಲೂ ಫೋಟಾನ್‌ಗಳು ಬೀಳುತ್ತಲೇ ಇರುತ್ತವೆ, ಉಪಗ್ರಹ ಭೂಮಿಯನ್ನು ಸುತ್ತಿದಂತೆ ಆ ಎಣಿಕೆ ನಿಧಾನವಾಗಿ ಏರಿಳಿಯುತ್ತದೆ. ಕಾರವಾರದ ಟಾಗೋರ್ ಕಡಲತೀರದಲ್ಲಿ ಅಲೆಯ ಎತ್ತರ ಅಳೆಯಬೇಕಾದರೆ ಉಬ್ಬರದ ಮಟ್ಟವನ್ನು ಮೊದಲು ಕಳೆಯಬೇಕಲ್ಲ, ಹಾಗೆಯೇ ಇದು. ಸ್ಫೋಟಕ್ಕೆ ಮುಂಚಿನ ಮತ್ತು ಅದು ಪೂರ್ತಿ ಅಡಗಿದ ನಂತರದ ಶಾಂತ ಭಾಗಗಳನ್ನು ಗುರುತಿಸಿ, ಎರಡನ್ನೂ ಹಾದುಹೋಗುವ ಬಹುಪದೀಯ ರೇಖೆ ಎಳೆದು, ಅದನ್ನು ಒಟ್ಟು ಎಣಿಕೆಯಿಂದ ಕಳೆಯಿರಿ.

ಉಳಿದದ್ದನ್ನು ಕ್ಷಣಕ್ಷಣಕ್ಕೂ ಕೂಡಿಸುತ್ತ ಹೋಗಿ. ಮೊತ್ತವು ಶೇ 5ರಿಂದ ಶೇ 95ಕ್ಕೆ ಏರಲು ಹಿಡಿದ ಕಾಲವೇ ‘ಟಿ90’. ಅದು 2 ಸೆಕೆಂಡಿಗಿಂತ ಹೆಚ್ಚಿದ್ದರೆ ದೀರ್ಘ ಸ್ಫೋಟ, ಸಾಮಾನ್ಯವಾಗಿ ದೈತ್ಯ ನಕ್ಷತ್ರವೊಂದರ ಕುಸಿತ. ಕಡಿಮೆಯಿದ್ದರೆ ಹೆಚ್ಚಾಗಿ ನ್ಯೂಟ್ರಾನ್ ನಕ್ಷತ್ರಗಳ ವಿಲೀನ. 190114ಸಿ ಇಲ್ಲಿಯೇ ಪಾಠ ಕಲಿಸುತ್ತದೆ. ಕಣ್ಣಿಗೆ ಸುಮಾರು 25 ಸೆಕೆಂಡಿನಲ್ಲಿ ಎಲ್ಲವೂ ಮುಗಿದಂತೆ ಕಂಡರೂ ಫರ್ಮಿ ತಂಡ ಕೊಟ್ಟ ಟಿ90 ಸುಮಾರು 116 ಸೆಕೆಂಡ್. ಹಿನ್ನೆಲೆಗೆ ಅಂಟಿಕೊಂಡೇ ಹರಿಯುವ ಕ್ಷೀಣ ಬಾಲ ಅಷ್ಟು ಉದ್ದವಿದೆ. ನಿಮಗೆ 30 ಬಂದರೆ ಆ ಬಾಲವನ್ನೇ ಹಿನ್ನೆಲೆಯೆಂದು ಕಳೆದಿದ್ದೀರಿ. ಶಾಂತ ಭಾಗವನ್ನು ಇನ್ನಷ್ಟು ದೂರಕ್ಕೆ ಸರಿಸಿ ಮತ್ತೆ ಲೆಕ್ಕ ಹಾಕಿ.

ಕೈ ಪಳಗಿದ ಮೇಲೆ 170817ಎ ತೆಗೆದುಕೊಳ್ಳಿ. ಎರಡು ನ್ಯೂಟ್ರಾನ್ ನಕ್ಷತ್ರಗಳ ವಿಲೀನದ ಗುರುತ್ವ ಅಲೆ ತಲುಪಿದ 1.7 ಸೆಕೆಂಡಿನ ಬಳಿಕ ಬಂದ, ಸುಮಾರು 2 ಸೆಕೆಂಡಿನ ಮಂದ ಸ್ಫೋಟವದು. ಅದಕ್ಕೆ ಒಂದೊಂದು ಸೆಕೆಂಡಿನ ಎಣಿಕೆ ತೀರಾ ಒರಟು, ಕಾಲು ಸೆಕೆಂಡಿಗೆ ಇಳಿಸಿ.