ಬಾಡಿಗೆದಾರರ ಹೆಸರೂ ಪಟ್ಟಿಯಲ್ಲಿರಬೇಕು

2014ರ ಮಾರ್ಚ್‌ನಲ್ಲಿ ಬೆಂಗಳೂರಿನ ಸಂಪಿಗೆ ರಸ್ತೆಯಿಂದ ಪೀಣ್ಯದವರೆಗೆ ಮೆಟ್ರೊ ಓಡತೊಡಗಿದ ಮೇಲೆ, ಅದರ ಒಂದು ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆಯಲ್ಲಿದ್ದ ಕೊಳೆಗೇರಿಯೊಂದಕ್ಕೆ ದಲ್ಲಾಳಿಗಳ ಓಡಾಟ ಹೆಚ್ಚಾಯಿತು. ನಾನು ಅಲ್ಲಿ ಸಂಘಟನೆಯ ಕೆಲಸ ಮಾಡುತ್ತಿದ್ದೆ. ಪೌರಕಾರ್ಮಿಕರು, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಮನೆಗೆಲಸದವರು ಮೂವತ್ತು ವರ್ಷಗಳಿಂದ ಬಾಳಿದ ಆ ಜಾಗ ಸರ್ಕಾರದ ದಾಖಲೆಯಲ್ಲಿ ಘೋಷಿತ ಕೊಳೆಗೇರಿಯೇ ಆಗಿರಲಿಲ್ಲ. 1973ರ ಕರ್ನಾಟಕ ಕೊಳಚೆ ಪ್ರದೇಶಗಳ ಕಾಯ್ದೆಯ ಮೂರನೇ ಸೆಕ್ಷನ್ ಅಡಿ ಘೋಷಣೆಯಾಗದ ಹೊರತು ಅಲ್ಲಿನ ಜನರಿಗೆ ಆ ಕಾಯ್ದೆಯ ಯಾವ ಆಸರೆಯೂ ಸಿಗುವುದಿಲ್ಲ. ಆದ್ದರಿಂದ ಜಾಗದ ಬೆಲೆ ಇನ್ನಷ್ಟು ಏರುವ ಮೊದಲೇ ಘೋಷಣೆ ಪಡೆಯಬೇಕೆಂದು ನಿರ್ಧರಿಸಿದೆವು.

ಮೊದಲು ಸರ್ವೆ ನಂಬರ್ ಹುಡುಕಿದೆವು. ಜಮೀನು ಯಾರ ಹೆಸರಿನಲ್ಲಿದೆ ಎಂಬುದು ನಿವಾಸಿಗಳಲ್ಲಿ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಪಹಣಿ ಮತ್ತು ನಕ್ಷೆಯ ಪ್ರತಿ ಪಡೆಯಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಬಾಗಿಲುಗಳಿಗೆ ಸೀಮೆಸುಣ್ಣದಲ್ಲಿ ಸಂಖ್ಯೆ ಬರೆದು, ಓಣಿ ಓಣಿಯ ನಕ್ಷೆಯನ್ನು ನಾವೇ ಬಿಡಿಸಿ, ಪ್ರತಿ ಮನೆಯ ಹಳೆಯ ಕಾಗದಗಳನ್ನು ಸಂಗ್ರಹಿಸಿದೆವು. ಒಬ್ಬ ಅಜ್ಜಿ ಟ್ರಂಕಿನ ತಳದಿಂದ, ಸೀರೆಯ ಮಡಿಕೆಯೊಳಗೆ ಜೋಪಾನವಾಗಿಟ್ಟಿದ್ದ ಭಾಗ್ಯಜ್ಯೋತಿಯ ಹಳೆಯ ಲೈಟ್ ಬಿಲ್ಲನ್ನು ತೆಗೆದುಕೊಟ್ಟರು. ಒಂದೇ ಬಲ್ಬಿನ ಆ ಬಿಲ್ಲು ಅವರ ರೇಷನ್ ಕಾರ್ಡಿಗಿಂತ ಹನ್ನೊಂದು ವರ್ಷ ಹಳೆಯದಾಗಿತ್ತು, ಮತ್ತು ಇಡೀ ಓಣಿಯ ವಾಸದ ಅವಧಿಗೆ ಅದೇ ನಮ್ಮ ಗಟ್ಟಿ ಆಧಾರವಾಯಿತು.

ಯಾರ್ಯಾರು ವಾಸವಿದ್ದಾರೆಂದು ಪಟ್ಟಿ ಮಾಡುವ ಮನೆಮನೆಯ ಸಮೀಕ್ಷೆಯಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಓಡಾಡಿ, ಮುಚ್ಚಿದ ಬಾಗಿಲುಗಳ ಮುಂದೆ ‘ಬೀಗ’ ಎಂದು ಬರೆದುಕೊಂಡು ಬಂದೆ. ಮೂವತ್ತೆಂಟು ಮನೆಗಳಿಗೆ ಹೀಗೆ ಬರೆದಿದ್ದೆ. ಅವುಗಳಲ್ಲಿ ಹೆಚ್ಚಿನವು ಬಾಡಿಗೆಗಿದ್ದ ದುಡಿಯುವ ಹೆಂಗಸರ ಮನೆಗಳೆಂಬುದು, ರಾತ್ರಿ ಎಂಟು ಗಂಟೆಗೆ ಮತ್ತೆ ಹೋದಾಗ ತಿಳಿಯಿತು. ‘ಬೀಗ’ ಎಂಬ ಎರಡಕ್ಷರ ಅಂತಿಮ ಪಟ್ಟಿಯಲ್ಲಿ ಹಾಗೆಯೇ ಉಳಿದಿದ್ದರೆ ಆ ಕುಟುಂಬಗಳು ಇಲ್ಲವೇ ಇಲ್ಲವೆಂದಾಗುತ್ತಿತ್ತು. ಬಳಿಕ ರಾತ್ರಿ ಮತ್ತು ಭಾನುವಾರಗಳಂದು ಮಾತ್ರ ಸಮೀಕ್ಷೆ ನಡೆಸಿದೆವು.

ನಿಜವಾದ ಜಗಳ ಆರಂಭವಾದದ್ದು ಆಗಲೇ. ಬಾಡಿಗೆದಾರರ ಹೆಸರು ಬರೆದರೆ ನಾಳೆ ಮನೆಯೇ ಅವರ ಪಾಲಾದೀತೆಂದು ಸ್ವಂತ ಮನೆಯವರು ಹೆದರಿದರು. ಅವರ ಭಯ ಸುಳ್ಳಲ್ಲ. ಎರಡು ಸಾವಿರದ ಆ ಬಾಡಿಗೆಯೇ ಕೆಲವು ವಿಧವೆಯರ ಜೀವನಾಧಾರವಾಗಿತ್ತು. ಆದರೆ ಈಜಿಪುರದ ಬಡವರ ವಸತಿಗೃಹಗಳ ಜಾಗದಿಂದ 2013ರ ಜನವರಿಯಲ್ಲಿ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಒಕ್ಕಲೆಬ್ಬಿಸಿದ್ದನ್ನು ನಾವೆಲ್ಲ ಕಂಡಿದ್ದೆವು. ಹೊಸ ಮನೆಯ ಭರವಸೆ ಅಲ್ಲಿ ಮೂಲ ಹಂಚಿಕೆದಾರರಿಗಷ್ಟೇ ಇತ್ತು. ವರ್ಷಗಟ್ಟಲೆ ಬಾಡಿಗೆ ಕಟ್ಟಿದವರು ಪಾತ್ರೆ ಪಡಗದೊಂದಿಗೆ ಬೀದಿಯಲ್ಲಿ ಉಳಿದರು. ಮೂರು ಸಭೆಗಳ ನಂತರ, ಮನೆಯ ಒಡೆತನ ಮತ್ತು ವಾಸ ಎಂಬ ಎರಡು ಬೇರೆ ಅಂಕಣಗಳಲ್ಲಿ ಹೆಸರು ಬರೆಯುವುದೆಂದೂ, ಒಂದರಿಂದ ಇನ್ನೊಂದಕ್ಕೆ ಹಕ್ಕು ಹುಟ್ಟದೆಂದೂ ಎರಡೂ ಕಡೆಯವರು ಸಹಿ ಹಾಕಿದರು.

ಬಾಯಿಮಾತಿನ ಬಾಡಿಗೆಯನ್ನೂ ಕಾಗದಕ್ಕಿಳಿಸಿದೆವು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರದ ಬಾಡಿಗೆಗಷ್ಟೇ ಅನ್ವಯಿಸುತ್ತದೆ, ಕರಾರು ಲಿಖಿತವಾಗಿರಬೇಕೆಂದೂ ಹೇಳುತ್ತದೆ. ನಮ್ಮ ಓಣಿಯ ಬಾಡಿಗೆಗಳು ಆ ಮಿತಿಯೊಳಗಿದ್ದರೂ ಒಬ್ಬರ ಬಳಿಯೂ ಕರಾರು ಪತ್ರವಿರಲಿಲ್ಲ. ಮಿತಿ ಇಷ್ಟು ಕಡಿಮೆ ಇರುವುದು ನನ್ನ ಮಟ್ಟಿಗೆ ದೊಡ್ಡ ಅನ್ಯಾಯ: ಬಾಡಿಗೆ ಏರಿದಷ್ಟೂ ಜನ ಕಾಯ್ದೆಯ ನೆರಳಿನಿಂದ ಹೊರಬೀಳುತ್ತಾರೆ.

ಘೋಷಣೆ ಕೋರಿದ ನಮ್ಮ ಅರ್ಜಿ ಕೊಳೆಗೇರಿ ಅಭಿವೃದ್ಧಿ ಮಂಡಳಿಯಿಂದ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಅಧಿಸೂಚನೆಯಾಗಿ ಹೊರಬರಲು ಎರಡು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಈ ನಡುವೆ ಹದಿನಾಲ್ಕು ಕುಟುಂಬಗಳು ಬಾಡಿಗೆ ತಾಳಲಾರದೆ ನೆಲಮಂಗಲದ ಕಡೆಗೆ ಹೋದವು. ಅವರನ್ನು ಉಳಿಸಿಕೊಳ್ಳಲು ನಮ್ಮಿಂದ ಆಗಲಿಲ್ಲ. ಉಳಿದವರ ಎರಡು ಅಂಕಣಗಳ ಪಟ್ಟಿಯ ಮೂರು ಪ್ರತಿಗಳು ಇಂದಿಗೂ ಮೂರು ಬೇರೆ ಬೇರೆ ಮನೆಗಳಲ್ಲಿವೆ, ಅವುಗಳಲ್ಲಿ ಒಂದು ಬಾಡಿಗೆ ಮನೆ. ಪ್ರತಿ ಯುಗಾದಿಗೆ ಮೂರನ್ನೂ ಒಟ್ಟಿಗೆ ಬಿಚ್ಚಿ, ಹೊಸದಾಗಿ ಬಂದವರ ಹೆಸರನ್ನು ಸೇರಿಸುತ್ತೇವೆ.