ವಂಡರ್‌ಲಾಗೆ ಹೊರಟಿದ್ದೀರಾ? ಬಸ್ ಎಲ್ಲಿ ಬಿಡಬೇಕು, ಕ್ಯಾಬ್ ಎಲ್ಲಿ ಹಿಡಿಯಬೇಕು

ಪರೀಕ್ಷೆ ಮುಗಿದರೆ ಸಾಕು, ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಮಕ್ಕಳದ್ದು ಒಂದೇ ರಾಗ: ವಂಡರ್‌ಲಾ. ಕೂಗಳತೆಯಲ್ಲಿ ಜೋಗ ಇದೆ, ಆಗುಂಬೆ ಇದೆ ಅಂದ್ರೆ ಕೇಳುವುದಿಲ್ಲ. ನೀರು ಮೇಲಿಂದ ಬಿದ್ದರೆ ಸಾಲದು, ತಾವೂ ಅದರ ಜೊತೆ ಬೀಳಬೇಕು ಅವರಿಗೆ.

ಬಿಡದಿ ಹತ್ತಿರದ ಈ ಪಾರ್ಕ್ ಶುರುವಾದದ್ದು 2005ರಲ್ಲಿ. ಊರಿಂದ ಬೆಂಗಳೂರಿನವರೆಗೆ ಹೋಗುವುದು ದೊಡ್ಡ ಕೆಲಸವಲ್ಲ. ರಾತ್ರಿ ಹತ್ತಿ ಮಲಗಿದರೆ ಬೆಳಗಾಗುವಾಗ ಮೆಜೆಸ್ಟಿಕ್. ಪೇಚಾಟ ಶುರುವಾಗುವುದು ಅಲ್ಲಿಂದ ಮುಂದೆ. ಪಾರ್ಕ್ ಇರುವುದು ಮೈಸೂರು ರಸ್ತೆಯಲ್ಲಿ, ಮೆಜೆಸ್ಟಿಕ್‌ನಿಂದ ಸುಮಾರು 28 ಕಿಲೋಮೀಟರ್ ದೂರ. ಬಿಡದಿ ಕಡೆಗೆ ಬಸ್ ಇವೆ. ಆದರೆ ಯಾವ ಪ್ಲಾಟ್‌ಫಾರ್ಮ್, ಯಾವುದು ಗೇಟಿನ ಹತ್ತಿರ ನಿಲ್ಲುತ್ತದೆ, ಯಾವುದು ಮೈಸೂರಿಗೇ ಎತ್ತಿಕೊಂಡು ಹೋಗುತ್ತದೆ ಅಂತ ಮಕ್ಕಳನ್ನೂ ಬ್ಯಾಗನ್ನೂ ಹಿಡಿದುಕೊಂಡು ವಿಚಾರಿಸುವಷ್ಟರಲ್ಲಿ ಅರ್ಧ ಉತ್ಸಾಹ ಖಾಲಿ. ಹಾಗಂತ ಮೆಜೆಸ್ಟಿಕ್‌ನಿಂದಲೇ ಕ್ಯಾಬ್ ಮಾಡಿದರೆ ನಾಯಂಡಹಳ್ಳಿ, ಕೆಂಗೇರಿಯ ಟ್ರಾಫಿಕ್‌ನಲ್ಲಿ ಕೂತು ದುಡ್ಡೂ ಹೋಯ್ತು, ಹೊತ್ತೂ ಹೋಯ್ತು.

ನನ್ನ ಪ್ರಕಾರ ಇಡೀ ದಾರಿಗೆ ಕ್ಯಾಬ್ ಬೇಡ. ಬಸ್ಸು ಕೈಕೊಡುವ ತುಂಡಿಗೆ ಮಾತ್ರ ಸಾಕು. ಆ ತುಂಡು ಮೆಟ್ರೋದ ಕೊನೆಯ ನಿಲ್ದಾಣವಾದ ಚಲ್ಲಘಟ್ಟದಿಂದ ಪಾರ್ಕಿನವರೆಗಿನದು, ಸುಮಾರು ಹನ್ನೆರಡು ಕಿಲೋಮೀಟರ್. ಹೇಗೆ ಅಂತ ನೋಡೋಣ.

ಊರು ಬಿಡುವ ಮೊದಲು

ರೈಲಿನ ಟಿಕೆಟ್ ಈಗ 60 ದಿನ ಮೊದಲು ಸಿಗುತ್ತದೆ. ರಜೆಯಲ್ಲಿ ತಾಳಗುಪ್ಪ–ಮೈಸೂರು ರಾತ್ರಿ ರೈಲು ಬೇಗ ತುಂಬುತ್ತದೆ, ಮೊದಲೇ ಮಾಡಿಸಿ. ಬೆಳಗಿನ ಜಾವ ಶಿವಮೊಗ್ಗ ಬಿಡುವ ಜನಶತಾಬ್ದಿಯಲ್ಲೂ ಹೋಗಬಹುದು. ಆದರೆ ವಾಪಸ್ ಬರುವ ಜನಶತಾಬ್ದಿ ಸಂಜೆಯೇ ಬೆಂಗಳೂರು ಬಿಡುತ್ತದೆ. ಆಗ ನಿಮ್ಮ ಮಕ್ಕಳು ಇನ್ನೂ ನೀರಲ್ಲೇ ಇರುತ್ತಾರೆ. ಹಿಂದಿರುಗಲು ರಾತ್ರಿಯ ರೈಲು ಅಥವಾ ಸ್ಲೀಪರ್ ಬಸ್ ನೋಡಿಕೊಳ್ಳಿ.

ಎರಡು ಕ್ಯಾಬ್ ಆಪ್‌ಗಳನ್ನಾದರೂ ಮನೆಯಲ್ಲೇ ಹಾಕಿಕೊಳ್ಳಿ. ಓಲಾ, ಊಬರ್, ರ‍್ಯಾಪಿಡೋ, ನಮ್ಮ ಯಾತ್ರಿ, ಯಾವುದಾದರೂ ಸರಿ. ಒಂದರಲ್ಲಿ ಗಾಡಿ ಸಿಗದಿದ್ದರೆ ಇನ್ನೊಂದರಲ್ಲಿ ಸಿಗುತ್ತದೆ. ಫೋನ್ ನಂಬರ್ ಕೊಟ್ಟು ಒಟಿಪಿ ಹಾಕಿ ಲಾಗಿನ್ ಆಗುವ ಕೆಲಸ ಊರಲ್ಲೇ ಮುಗಿಯಲಿ. ಪ್ಲಾಟ್‌ಫಾರ್ಮಿನ ಗದ್ದಲದಲ್ಲಿ ನಿಂತು ಮಾಡುವ ಕೆಲಸ ಅಲ್ಲ ಅದು. ಇಬ್ಬರು ದೊಡ್ಡವರ ಫೋನಿನಲ್ಲಿ ಇರಲಿ. ಪವರ್ ಬ್ಯಾಂಕ್ ಒಂದು ಇದ್ದೇ ಇರಲಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಪಾರ್ಕಿನ ಟಿಕೆಟ್ಟೂ ಆನ್‌ಲೈನಿನಲ್ಲೇ ತೆಗೆದಿಟ್ಟುಕೊಂಡರೆ ಗೇಟಿನ ಕ್ಯೂ ತಪ್ಪುತ್ತದೆ. ಅಲ್ಲಿ ಮಕ್ಕಳ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. 85 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಪುಕ್ಕಟೆ, 140 ಸೆಂ.ಮೀ. ದಾಟಿದರೆ ದೊಡ್ಡವರ ದರ. ಮನೆಯ ಗೋಡೆಗೆ ನಿಲ್ಲಿಸಿ ಟೇಪ್ ಹಿಡಿದು ನೋಡಿಬಿಡಿ.

ಇನ್ನು ತಿಂಡಿ. ನಮ್ಮ ಕಡೆಯವರು ಚಿತ್ರಾನ್ನದ ಡಬ್ಬಿ, ಅಕ್ಕಿ ರೊಟ್ಟಿ, ಮಿಡಿ ಉಪ್ಪಿನಕಾಯಿ ಇಲ್ಲದೆ ಹೊಸಿಲು ದಾಟುವುದಿಲ್ಲ. ಹೊರಗಿನ ಊಟ ಪಾರ್ಕಿನೊಳಗೆ ಬಿಡುವುದಿಲ್ಲ. ರೈಲಲ್ಲೋ ಸ್ಟೇಷನ್ನಿನಲ್ಲೋ ತಿಂದು ಮುಗಿಸುವಷ್ಟು ಮಾತ್ರ ಕಟ್ಟಿ.

ಮೆಜೆಸ್ಟಿಕ್‌ನಲ್ಲಿ ಇಳಿದ ಮೇಲೆ

ರಾತ್ರಿ ರೈಲು ಮುಟ್ಟುವುದು ಬೆಳಗಿನ ಜಾವ. ಪಾರ್ಕ್ ತೆರೆಯುವುದು ಸಾಮಾನ್ಯವಾಗಿ 11ಕ್ಕೆ. ಹಾಗಾಗಿ ಗಡಿಬಿಡಿ ಏನೂ ಇಲ್ಲ. ವೇಟಿಂಗ್ ರೂಮಿನಲ್ಲಿ ಮುಖ ತೊಳೆದು, ದೊಡ್ಡ ಬ್ಯಾಗುಗಳನ್ನು ಕ್ಲೋಕ್ ರೂಮಿಗೆ ಕೊಟ್ಟುಬಿಡಿ. ರೈಲಿನ ಟಿಕೆಟ್, ಗುರುತಿನ ಚೀಟಿ ಕೇಳುತ್ತಾರೆ. ಬ್ಯಾಗಿಗೆ ಬೀಗ ಹಾಕಿರಬೇಕು, ಬೀಗವಿಲ್ಲದ ಚೀಲ ತೆಗೆದುಕೊಳ್ಳುವುದಿಲ್ಲ. ಬಟ್ಟೆ ಅಂಗಡಿಯ ಕೈಚೀಲದಲ್ಲಿ ಸಾಮಾನು ತುಂಬಿಕೊಂಡು ಬಂದವರು ಇಲ್ಲೇ ಸಿಕ್ಕಿಬೀಳುವುದು.

ಬ್ಯಾಗ್ ಬಿಟ್ಟು ಹೋಗಲು ಇನ್ನೊಂದು ಕಾರಣ ಇದೆ. ಬೆಂಗಳೂರಿನ ಕ್ಯಾಬ್‌ಗಳಲ್ಲಿ ಸಿಎನ್‌ಜಿ ಗಾಡಿಗಳು ಜಾಸ್ತಿ. ಡಿಕ್ಕಿ ತೆಗೆದರೆ ಅಲ್ಲಿ ಅಡ್ಡಕ್ಕೆ ಮಲಗಿರುವುದು ಗ್ಯಾಸ್ ಸಿಲಿಂಡರ್. ಉಳಿದ ಸಂದಿಯಲ್ಲಿ ಒಂದು ಶಾಲೆ ಬ್ಯಾಗ್ ಹಿಡಿದರೆ ಹೆಚ್ಚು. ಮಿಕ್ಕಿದ್ದೆಲ್ಲ ತೊಡೆಯ ಮೇಲೆ.

ಈಗ ಮೆಟ್ರೋ. ರೈಲು ನಿಲ್ದಾಣದ ಎದುರಲ್ಲೇ ನೇರಳೆ ಮಾರ್ಗ. ಚಲ್ಲಘಟ್ಟ ಕಡೆಯ ರೈಲು ಹತ್ತಿ ಕೊನೆಯವರೆಗೂ ಕೂತುಕೊಳ್ಳಿ. ಈ ಮಾರ್ಗ 2021ರಲ್ಲಿ ಕೆಂಗೇರಿಗೆ ಬಂತು, 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟಕ್ಕೆ. ಬೆಂಗಳೂರಿನ ಅತಿ ಕೆಟ್ಟ ಟ್ರಾಫಿಕ್ಕನ್ನು ಮುಕ್ಕಾಲು ಗಂಟೆಯಲ್ಲಿ ಮೇಲಿಂದಲೇ ದಾಟಿಬಿಡುತ್ತೀರಿ. ಭಾನುವಾರ ಮೆಟ್ರೋ ಶುರುವಾಗುವುದು 7ಕ್ಕೆ, ನೆನಪಿರಲಿ. ನಿಮ್ಮ ರೈಲು ಯಶವಂತಪುರದಲ್ಲೇ ನಿಲ್ಲುವುದಾದರೆ ಅಲ್ಲಿ ಹಸಿರು ಮಾರ್ಗ ಹಿಡಿದು ಮೆಜೆಸ್ಟಿಕ್‌ನಲ್ಲಿ ಬದಲಾಯಿಸಬೇಕು.

ಚಲ್ಲಘಟ್ಟದಲ್ಲಿ ಕ್ಯಾಬ್

ಬುಕ್ ಮಾಡುವುದು ರೈಲಿನಲ್ಲಿ ಕೂತು ಅಲ್ಲ, ಕೆಳಗಿಳಿದು ರಸ್ತೆಗೆ ಬಂದ ಮೇಲೆ. ತೀರ್ಥಹಳ್ಳಿ ಬಸ್ಸಿನ ಕಂಡಕ್ಟರ್ ಆದರೆ, ಅಜ್ಜಿ ಇನ್ನೂ ತೋಟದ ದಾರಿಯಲ್ಲಿ ಬರ್ತಿದಾರೆ ಅಂದ್ರೆ ಎರಡು ನಿಮಿಷ ವಿಸಿಲ್ ಹೊಡೆಯದೆ ನಿಲ್ಲಿಸುತ್ತಾರೆ. ಆಪ್‌ಗೆ ಆ ದಾಕ್ಷಿಣ್ಯ ಇಲ್ಲ. ಸರ್ಕಾರದ ನಿಯಮದ ಪ್ರಕಾರ ಕಾಯುವುದು ಮೊದಲ 5 ನಿಮಿಷ ಉಚಿತ, ಆಮೇಲೆ ನಿಮಿಷಕ್ಕೆ 1 ರೂಪಾಯಿ. ರೂಪಾಯಿ ಹೋದರೆ ಹೋಗಲಿ ಅನ್ನಬಹುದು, ಚಾಲಕ ಬೇಜಾರಾಗಿ ಕ್ಯಾನ್ಸಲ್ ಮಾಡಿದರೆ ಮತ್ತೆ ಮೊದಲಿಂದ.

ದರದ ಅಂದಾಜು ಮೊದಲೇ ತಲೆಯಲ್ಲಿರಲಿ. ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ಟ್ಯಾಕ್ಸಿಗಳಿಗೆ ಏಕರೂಪದ ದರ ಮಾಡಿತು. 10 ಲಕ್ಷ ರೂಪಾಯಿಗಿಂತ ಕಡಿಮೆ ಬೆಲೆಯ ಕಾರಿಗೆ ಮೊದಲ 4 ಕಿಲೋಮೀಟರಿಗೆ 100 ರೂಪಾಯಿ, ಆಮೇಲೆ ಕಿಲೋಮೀಟರಿಗೆ 24. ಹನ್ನೆರಡು ಕಿಲೋಮೀಟರಿಗೆ ಲೆಕ್ಕ ಹಾಕಿದರೆ 292 ರೂಪಾಯಿ. ಮೆಜೆಸ್ಟಿಕ್‌ನಿಂದಲೇ ಹತ್ತಿದ್ದರೆ ಇದೇ ಲೆಕ್ಕದಲ್ಲಿ 676 ಆಗುತ್ತಿತ್ತು. ತೆರಿಗೆ, ಟೋಲ್ ಬೇರೆ. ಆಪ್ ತೋರಿಸುವ ಮೊತ್ತ ಇದಕ್ಕಿಂತ ತುಂಬಾ ಮೇಲಿದ್ದರೆ ಇನ್ನೊಂದು ಆಪ್ ತೆರೆದು ನೋಡಿ.

ಟೋಲ್ ವಿಷಯ ಸ್ವಲ್ಪ ಗಮನಿಸಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಟೋಲ್ ಇದೆ, ಪಕ್ಕದ ಸರ್ವಿಸ್ ರಸ್ತೆಯಲ್ಲಿ ಇಲ್ಲ. ಇಷ್ಟು ಹತ್ತಿರಕ್ಕೆ ಮೇಲಿನ ರಸ್ತೆ ಬೇಕೇ ಬೇಕು ಅಂತೇನಿಲ್ಲ. ಹತ್ತುವಾಗಲೇ "ಸರ್ವಿಸ್ ರೋಡಲ್ಲೇ ಹೋಗೋಣ ಅಣ್ಣ" ಅಂದರೆ ಆಮೇಲೆ ಮಾತಿಗೆ ಮಾತು ಬೆಳೆಯುವುದಿಲ್ಲ. ಮೂರೇ ಜನ ಇದ್ದರೆ ಆಟೋ ಕೂಡ ಆಗುತ್ತದೆ. 2023ರ ಆಗಸ್ಟ್‌ನಿಂದ ಆಟೋ, ಬೈಕುಗಳನ್ನು ಎಕ್ಸ್‌ಪ್ರೆಸ್‌ವೇಗೆ ಬಿಡುತ್ತಿಲ್ಲ, ಅವು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಮಕ್ಕಳಿಗೆ ಗಾಳಿ, ನಿಮಗೆ ಧೂಳು.

ಎರಡು ಮನೆ ಸೇರಿ ಆರು ಜನ ಹೊರಟಿದ್ದರೆ ಎರ್ಟಿಗಾ, ಇನ್ನೋವಾ ಥರದ ದೊಡ್ಡ ಗಾಡಿಯನ್ನೇ ಆರಿಸಿ. ನಾಲ್ಕು ಸೀಟಿನ ಕಾರಿಗೆ ಬುಕ್ ಮಾಡಿ, ಬಂದ ಮೇಲೆ "ಮಕ್ಕಳು ಅಲ್ವಾ, ಅಡ್ಜಸ್ಟ್ ಮಾಡಿ" ಅನ್ನುವುದು ಊರಿನ ಮ್ಯಾಕ್ಸಿಕ್ಯಾಬಿನಲ್ಲಿ ನಡೆಯುತ್ತದೆ, ಇಲ್ಲಿ ನಡೆಯಲ್ಲ. ನಡೆಯಲೂಬಾರದು.

ಬುಕ್ ಆದ ತಕ್ಷಣ ಫೋನ್ ಬರುತ್ತದೆ. ಪ್ರಶ್ನೆಗಳು ಇವೇ: ಡ್ರಾಪ್ ಎಲ್ಲಿ, ಎಷ್ಟು ತೋರಿಸ್ತಿದೆ, ಕ್ಯಾಶಾ ಆನ್‌ಲೈನಾ. ಕ್ಯಾಶ್ ಅಥವಾ ನೇರ ಯುಪಿಐ ಅಂದ್ರೆ ಚಾಲಕರು ಬೇಗ ಬರುತ್ತಾರೆ. ಗಾಡಿ ಬಂದ ಮೇಲೆ ನಂಬರ್ ಪ್ಲೇಟ್ ಹೋಲಿಸಿ ನೋಡಿ, ಆಮೇಲೆ ಒಟಿಪಿ ಹೇಳಿ. ಆಪ್‌ನಲ್ಲಿ ಇರುವ ಟ್ರಿಪ್ ಶೇರ್ ಒತ್ತಿ ಊರಲ್ಲಿರುವ ಯಾರಿಗಾದರೂ ಕಳಿಸಿ. ಹೆಂಗಸರು ಮಕ್ಕಳು ಮಾತ್ರ ಹೋಗುವಾಗಲಂತೂ ಇದು ಬಿಡಲೇಬೇಡಿ.

ಬಸ್ಸೇ ಲಾಭ ಆಗುವುದು ಯಾವಾಗ

2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ಇಲ್ಲ, ಆಧಾರ್ ತೋರಿಸಿದರೆ ಸಾಕು. ಅತ್ತೆ, ಸೊಸೆ, ನಾದಿನಿ, ಇಬ್ಬರು ಹುಡುಗಿಯರು ಸೇರಿ ಹೊರಟರೆ ಶಿವಮೊಗ್ಗದಿಂದ ಬಿಡದಿವರೆಗೂ ಖರ್ಚೇ ಇಲ್ಲದೆ ಹೋಗಬಹುದು. ಅಂಥವರಿಗೆ ನಾನು ಬೆಳಿಗ್ಗೆ ಕ್ಯಾಬ್ ಮಾಡಿ ಅನ್ನಲ್ಲ. ಹೊತ್ತು ಬೇಕಾದಷ್ಟಿದೆ, ಬಿಡದಿ ಕಡೆಯ ಸಾಮಾನ್ಯ ಬಸ್ ಹತ್ತಿ. ಮೈಸೂರಿನ ತಡೆರಹಿತ ಬಸ್ ಹತ್ತಬೇಡಿ, ಅದು ಮಧ್ಯೆ ಎಲ್ಲೂ ನಿಲ್ಲುವುದಿಲ್ಲ. ಉಳಿಸಿದ ದುಡ್ಡು ಸಂಜೆಯ ಕ್ಯಾಬಿಗೆ ಇಟ್ಟುಕೊಳ್ಳಿ.

ಹತ್ತು ಹನ್ನೆರಡು ಜನರ ಗುಂಪಾದರೆ ಆಪ್ ಸುದ್ದಿಯೇ ಬೇಡ. ಊರಿಂದಲೇ ಒಂದು ಟೆಂಪೋ ಟ್ರಾವೆಲರ್ (ಟಿ.ಟಿ.) ಮಾತಾಡಿ. ಬಾಡಿಗೆ ಹೇಳುವಾಗ ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರ್, ಚಾಲಕರ ಬಾಟಾ ಎಷ್ಟು, ಟೋಲ್ ಯಾರದ್ದು ಅಂತ ಬಿಡಿಸಿ ಕೇಳಿ.

ಸಂಜೆ: ಅಸಲಿ ಪರೀಕ್ಷೆ

ಹೋಗುವಾಗ ಎಲ್ಲರೂ ಒಬ್ಬೊಬ್ಬರಾಗಿ ಹೋಗುತ್ತಾರೆ. ಬರುವಾಗ ಎಲ್ಲರೂ ಒಟ್ಟಿಗೆ ಬರುತ್ತಾರೆ. ಪಾರ್ಕ್ ಮುಚ್ಚುವ ಹೊತ್ತಿಗೆ ಗೇಟಿನ ಹೊರಗೆ ಒದ್ದೆ ತಲೆಯ ಜನಸಾಗರ. ಎಲ್ಲರ ಕೈಯಲ್ಲೂ ಫೋನ್, ಎಲ್ಲರೂ ಒಂದೇ ಜಾಗದಿಂದ ಕ್ಯಾಬ್ ಹುಡುಕುವವರೇ. ಬೆಳಿಗ್ಗೆಯಿಂದ ಫೋಟೋ ತೆಗೆದು ತೆಗೆದು ಬ್ಯಾಟರಿ ಕೆಂಪಾಗಿರುತ್ತದೆ. ಪವರ್ ಬ್ಯಾಂಕ್ ಅಂದದ್ದು ಇದಕ್ಕೇ. ಅದನ್ನು ಫೋನಿನ ಜೊತೆ ಲಾಕರಿನಲ್ಲಿಟ್ಟು ಚಾರ್ಜ್ ಉಳಿಸಿಕೊಳ್ಳಿ.

ಇಲ್ಲಿ ಎರಡೇ ದಾರಿ. ಒಂದು, ಮುಚ್ಚುವುದಕ್ಕೆ ಮುಕ್ಕಾಲು ಗಂಟೆ ಮೊದಲೇ ಹೊರಬೀಳುವುದು. ಮಕ್ಕಳು "ಇನ್ನೊಂದೇ ಸಲ" ಅನ್ನುತ್ತಾರೆ, ಕರುಣೆ ತೋರಿಸಬೇಡಿ. ಎರಡನೆಯದು, ಎಲ್ಲರೂ ಹೋಗಲಿ ಅಂತ ಆರಾಮಾಗಿ ಕೂತು ಕಾಫಿ ಕುಡಿದು ನುಗ್ಗಾಟ ಇಳಿದ ಮೇಲೆ ಬುಕ್ ಮಾಡುವುದು. ರಾತ್ರಿಯ ರೈಲಿಗೆ ಹೊತ್ತಿದ್ದರೆ ಮಾತ್ರ ಇದು. ನನ್ನ ಓಟು ಮೊದಲನೆಯದಕ್ಕೆ.

ಬುಕ್ ಮಾಡುವಾಗ ನಕ್ಷೆಯ ಪಿನ್ ಎಲ್ಲಿ ಕೂತಿದೆ ನೋಡಿ. ಹೆದ್ದಾರಿಗೆ ಎರಡೂ ಕಡೆ ಸರ್ವಿಸ್ ರಸ್ತೆ ಇದೆ. ಪಿನ್ ಒಂದು ಬೆರಳಿನಷ್ಟು ಆಚೆ ಜಾರಿದರೂ ಗಾಡಿ ಎದುರು ಬದಿಗೆ ಬಂದು ನಿಲ್ಲುತ್ತದೆ. ಕಣ್ಣಿಗೆ ಕಾಣುತ್ತದೆ, ಆದರೆ ಮಧ್ಯೆ ಎಕ್ಸ್‌ಪ್ರೆಸ್‌ವೇ. ಚಾಲಕ ಮುಂದೆ ಹೋಗಿ ಅಂಡರ್‌ಪಾಸಿನಲ್ಲಿ ತಿರುಗಿಸಿಕೊಂಡು ಬರಬೇಕು, ಎಷ್ಟೋ ಸಲ ಕ್ಯಾನ್ಸಲ್ ಆಗುವುದು ಅಲ್ಲೇ. ಪಿನ್ ಎತ್ತಿ ಪಾರ್ಕಿನ ಗೇಟಿನ ಮೇಲೇ ಇಡಿ, ಚಾಲಕರಿಗೆ ಒಂದು ಫೋನ್ ಮಾಡಿ ಯಾವ ಬದಿ ಅಂತ ಬಾಯಲ್ಲೂ ಹೇಳಿ.

ಗಾಡಿ ಸಿಗುವ ಭರವಸೆಯೇ ಬೇಕು ಅನ್ನುವವರು ಮಧ್ಯಾಹ್ನ ಊಟದ ಹೊತ್ತಿಗೇ ಸಂಜೆಯ ಸಮಯ ಹಾಕಿ ಮುಂಗಡ ಬುಕ್ ಮಾಡಿಡಬಹುದು. ಅಥವಾ ಗಂಟೆ ಲೆಕ್ಕದ ರೆಂಟಲ್ ತೆಗೆದುಕೊಳ್ಳಬಹುದು. ದುಡ್ಡು ಸ್ವಲ್ಪ ಜಾಸ್ತಿ ಆದರೂ ಚಾಲಕರು ಅದನ್ನು ಒಲ್ಲೆ ಅನ್ನುವುದು ಕಡಿಮೆ. ಬೆಳಿಗ್ಗೆ ಬಿಟ್ಟ ಚಾಲಕರ ನಂಬರ್ ಇಟ್ಟುಕೊಂಡು ಸಂಜೆ ಕರೆಯುವವರೂ ಇದ್ದಾರೆ. ಒಳ್ಳೆಯವರು ಸಿಕ್ಕರೆ ಅದೂ ಸರಿ. ಆದರೆ ಆಗ ಆಪ್‌ನಲ್ಲಿ ಟ್ರಿಪ್ ದಾಖಲಾಗುವುದಿಲ್ಲ, ಮನೆಯವರಿಗೆ ಗಾಡಿ ಎಲ್ಲಿದೆ ಅಂತ ಕಾಣುವುದಿಲ್ಲ. ಗೇಟಿನಲ್ಲಿ "ಮೆಜೆಸ್ಟಿಕ್, ಮೆಜೆಸ್ಟಿಕ್" ಅಂತ ಕೂಗುವ ವೈಟ್ ಬೋರ್ಡ್ ಕಾರಿಗೆ ಮಾತ್ರ ಹತ್ತಬೇಡಿ. ಬಾಡಿಗೆ ಗಾಡಿಗೆ ಹಳದಿ ಬೋರ್ಡ್ ಇರಲೇಬೇಕು, ಎಲೆಕ್ಟ್ರಿಕ್ ಗಾಡಿಯಾದರೆ ಹಸಿರು ಬೋರ್ಡಿನ ಮೇಲೆ ಹಳದಿ ಅಕ್ಷರ.

ಸಂಜೆಯೂ ಡ್ರಾಪ್ ಹಾಕುವುದು ಚಲ್ಲಘಟ್ಟ ಮೆಟ್ರೋಗೇ. ಮೆಜೆಸ್ಟಿಕ್‌ಗೆ ಹಾಕಿದರೆ ನಗರದ ಸಂಜೆಯ ಟ್ರಾಫಿಕ್ಕಿಗೆ ಹೆದರಿ ಬಹಳ ಚಾಲಕರು ಒಪ್ಪುವುದಿಲ್ಲ. ಹತ್ತಿರದ ಡ್ರಾಪ್ ಆದರೆ ಬೇಗ ಒಪ್ಪುತ್ತಾರೆ, ನಿಮಗೂ ರೈಲು ತಪ್ಪುವ ಭಯ ಇಲ್ಲ. ಒದ್ದೆ ಬಟ್ಟೆ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿರಲಿ. ಸೀಟು ಒದ್ದೆ ಮಾಡಿದರೆ ಚಾಲಕರು ಬೈಯುತ್ತಾರೆ, ಬೈಯುವುದರಲ್ಲಿ ನ್ಯಾಯವೂ ಇದೆ.

ಶಿವಮೊಗ್ಗ ಮುಟ್ಟುವುದು ಬೆಳಗಿನ ಜಾವ. ಆ ಹೊತ್ತಿಗೆ ಇಲ್ಲಿ ಆಪ್ ನಂಬಿಕೊಂಡು ಕೂರಬೇಡಿ. ಪರಿಚಯದ ಆಟೋದವರಿಗೆ ಹಿಂದಿನ ದಿನವೇ ಹೇಳಿಡಿ. ತೀರ್ಥಹಳ್ಳಿ, ಹೊಸನಗರ ಕಡೆಯವರು ಬಸ್ ಸ್ಟ್ಯಾಂಡಿಗೆ ಹೋಗಿ ಮೊದಲ ಬಸ್ ಹಿಡಿಯಿರಿ. ಸಾಗರದವರು ಶಿವಮೊಗ್ಗದಲ್ಲಿ ಇಳಿಯುವುದೇ ಬೇಡ, ರೈಲು ಹೇಗೂ ತಾಳಗುಪ್ಪದವರೆಗೆ ಹೋಗುತ್ತದೆ. ಟಿಕೆಟ್ ಮಾಡಿಸುವಾಗಲೇ ಸಾಗರ ಜಂಬಗಾರುವರೆಗೆ ತೆಗೆದುಕೊಂಡು ಮಕ್ಕಳ ಜೊತೆ ಇನ್ನೊಂದು ನಿದ್ದೆ ಮಾಡಿ.